ಆಯಿಯ ಕೊರಳಿಗೆ ಹೋದ ಹಾಂಸಲಿ

ನೆನೆಸಿದ ಹುಣಸೆಹಣ್ಣಿನ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕೈ ತಾನಾಗಿ ಕೊರಳಿಗೆ ಹೋಗುತ್ತದೆ. ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ನನ್ನನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಬೆಳ್ಳಿಯ ಹಾಂಸಲಿಯನ್ನು ಕೊರಳಲ್ಲಿದ್ದಂತೆಯೇ ಹುಣಸೆ ಹಚ್ಚಿ ತಿಕ್ಕುತ್ತಿದ್ದಳು. ತಣ್ಣೀರು ಬೆನ್ನಿಗಿಳಿದು ನಾನು ಕುಣಿದರೆ, "ಅಲ್ಲಾಡಬ್ಯಾಡ ಹುಚ್ಚಿ" ಎಂದು ಗದರುತ್ತಿದ್ದಳು. ಹಿಂದೆ ಬಾಯಿ ಬಿಟ್ಟ ದಪ್ಪ ಬಳೆಯಂಥ ಆ ಕೊರಳಪಟ್ಟಿಯನ್ನು ಬಿಚ್ಚುವಂತಿರಲಿಲ್ಲ. ನನಗಿಂತ ಮೊದಲು ಹುಟ್ಟಿದ ಅಣ್ಣ ತೊಟ್ಟಿಲಲ್ಲೇ ಹೋಗಿಬಿಟ್ಟಿದ್ದ. ಅದಕ್ಕೇ ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಸೋದರಮಾವ ಇದನ್ನು ತೊಡಿಸಿ ನನ್ನ ಜೀವ ಕಟ್ಟಿಹಾಕಿದ್ದನಂತೆ. ನಾನು ದೊಡ್ಡವಳಾದ ಮೇಲೆ ಅವನೇ ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ನನ್ನ ಕಂಟಕ ಅವರ ಕೊರಳಿಗೆ; ಹಾಂಸಲಿಯನ್ನು ಸಾಯುವತನಕ ಅವರೇ ಹೊರಬೇಕು.

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಮಾವ ಊರಿನ ಆ ತುದಿಯ ಕೂಕಟ್‌ಪಲ್ಲಿಯಲ್ಲಿ ರೂಮು ಮಾಡಿಕೊಂಡು ಆ ಕಟ್ಟಡಗಳಲ್ಲೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ಆ ಬೇಸಿಗೆ ನನಗೆ ಮಂಗನಬಾವು ಬಂತು. ಬೆಳಿಗ್ಗೆ ಬರೀ ಕೆನ್ನೆ ಊದಿತ್ತು, ಊಟದ ಹೊತ್ತಿಗೆ ಕೊರಳೂ ಊದಿ ಬೆಳ್ಳಿ ಮಾಂಸದೊಳಗೆ ಹೂತುಹೋಯಿತು. ಉಗುಳು ನುಂಗಲಾಗುತ್ತಿರಲಿಲ್ಲ. ಅಪ್ಪ ಡ್ಯೂಟಿ ಮೇಲೆ ಕಾಜೀಪೇಟೆಗೆ ಹೋಗಿದ್ದರು. ಅವ್ವ ಪಕ್ಕದ ಮನೆಯಿಂದ ಮಾವನಿಗೆ ಫೋನು ಮಾಡಿ ಮಾಡಿ ಸೋತಳು. ಮೀಟಿಂಗಿನೊಳಗೆ ಮೊಬೈಲು ಬಿಡುವುದಿಲ್ಲವಂತೆ. ಕಡೆಗೂ ಸಿಕ್ಕಾಗ, "ಬಂದೆ ಅಕ್ಕಾ, ಗಾಡಿ ಹತ್ತಾಕತ್ತೀನಿ" ಎಂದ. ಆ ಟ್ರಾಫಿಕ್ಕು ದಾಟಿ ಅವನು ಬರುವುದೆಂದರೆ! ಅಯ್ಯೋ, ಆ ಕಾಯುವಿಕೆ ಯಾರಿಗೂ ಬೇಡ. ಹೊರಗೆ ಪ್ರತಿ ಗಾಡಿಯ ಸದ್ದಿಗೂ ಅವ್ವ ಬಾಗಿಲಿಗೆ ಓಡುತ್ತಿದ್ದಳು. ನನ್ನ ಉಸಿರು ಸೀಟಿಯಂತೆ ಕೇಳತೊಡಗಿತು.

"ಅತ್ತೀ, ಕೂಸಿಗೆ ಉಸಿರಾಡಾಕ ಆಗವಲ್ದು. ಏನ ಬರತೈತಿ ನನ್ನ ಕೊರಳಿಗೇ ಬರಲಿ" ಎಂದು ಅವ್ವ ಕೈ ಹಾಕಿದಳು. ಆಯಿ ಆ ಕೈಗೆ ಫಟ್ಟನೆ ಹೊಡೆದಳು. "ನೀ ಮುಟ್ಟಬ್ಯಾಡ!" ನನಗೆ ಆ ಕ್ಷಣ ಆಯಿಯ ಮೇಲೆ ಎಂಥ ಸಿಟ್ಟು ಬಂದಿತ್ತು! ಇವಳು ನನ್ನನ್ನು ಸಾಯಿಸಿಯೇ ಬಿಡುತ್ತಾಳೆ ಅನಿಸಿತು. ಆದರೆ ಆಯಿ ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕೊರಳಿಗೆ ಎಣ್ಣೆ ಸವರಿ, ಹಾಂಸಲಿಯ ಎರಡೂ ತುದಿ ಹಿಡಿದು, ಹಲ್ಲು ಕಚ್ಚಿ ಹಿಗ್ಗಿಸಿದಳು. ಉಸಿರು ಒಮ್ಮೆಲೇ ಒಳಗೆ ನುಗ್ಗಿತು. ನಾನು ಕೆಮ್ಮುತ್ತಿರುವಾಗಲೇ ಅವಳು ಅದನ್ನು ನೆಲಕ್ಕೆ ತಾಗಿಸದೆ, ತನ್ನ ಕೊರಳಿಗೆ ಸಾಲದೆಂದು ಕರಿದಾರಕ್ಕೆ ಪೋಣಿಸಿ ಕಟ್ಟಿಕೊಂಡಳು. "ನೀ ಇನ್ನೂ ಬಾಳಬೇಕಾದಾಕಿ" ಎಂದಳು ಅವ್ವನಿಗೆ. ಅಷ್ಟರಲ್ಲಿ ಮಾವ ಹೆಲ್ಮೆಟ್ಟು ಹಾಕಿಕೊಂಡೇ ಒಳಗೆ ಓಡಿಬಂದ. ಆಯಿಯ ಕೊರಳು ನೋಡಿದವನೇ ಹೆಲ್ಮೆಟ್ಟು ಕಿತ್ತು ಅಳತೊಡಗಿದ. "ಯಾಕ ಅಳತೀಯೋ, ಕೂಸು ಉಸಿರಾಡಾಕತ್ತೈತಿ. ಚಾ ಕುಡದ ಹೋಗು" ಎಂದಳು ಆಯಿ.

ಆಯಿ ಮುಂದೆ ಬಹಳ ವರ್ಷ ಬದುಕಿದಳು. ಜ್ವರ ಬಂದರೂ, ಕಾಲು ಉಳುಕಿದರೂ "ಬರಲಿ, ನಿನಗ ಬರೂದು ನನಗ ಬಂತು" ಎಂದು ನಗುತ್ತಿದ್ದಳು. ಅವಳು ಹೋದ ದಿನ, ಮೈತೊಳೆಸುವ ಮೊದಲು ಹಾಂಸಲಿ ತೆಗೆಯಲು ಯಾರೂ ಮುಂದೆ ಬರಲಿಲ್ಲ. ನಾನೇ ದಾರ ಬಿಚ್ಚಿ ನನ್ನ ಕೊರಳಿಗೆ ಕಟ್ಟಿಕೊಂಡೆ. ಆ ಕ್ವಾರ್ಟರ್ಸು ಈಗಿಲ್ಲ, ಒಗೆಯುವ ಕಲ್ಲೂ ಇಲ್ಲ. ಹಬ್ಬಕ್ಕೊಮ್ಮೆ ನಾನು ಹುಣಸೆ ನೆನೆಸಿ, ಹಾಂಸಲಿಯನ್ನು ತೆಗೆಯದೆ, ಕೊರಳಲ್ಲಿದ್ದಂತೆಯೇ ತಿಕ್ಕುತ್ತೇನೆ. ತಣ್ಣೀರು ಎದೆಗಿಳಿಯುತ್ತದೆ. ನಾನು ಅಲ್ಲಾಡದೆ ಕೂತಿರುತ್ತೇನೆ.