ನಮ್ಮ ಮನೆಯ ಪ್ರತಿಯ ಕೊನೆಯ ಹಾಳೆ

ನನ್ನ ಮೊದಲ ಕಾದಂಬರಿ ಬಿಡುಗಡೆಯಾದ ದಿನ ಆ ಸಮಾರಂಭಕ್ಕೆ ನನಗೇ ಪ್ರವೇಶವಿರಲಿಲ್ಲ. ಅರಿಷಿಣ-ಕುಂಕುಮಕ್ಕೆ ಗಂಡಸರು ಬರುವಂತಿಲ್ಲ ಎಂದು ವೈನಿ ಬಾಗಿಲಲ್ಲೇ ತಡೆದಿದ್ದಳು.

ನಾನು ಕಂಡ ಕನಸೇ ಬೇರೆ ಇತ್ತು. ಕೊಲ್ಹಾಪುರದಲ್ಲೊಂದು ಸಭಾಗೃಹ, ಕೊರಳಿಗೆ ಹಾರ, ನನ್ನ ಬಗ್ಗೆ ನಾಲ್ಕು ಒಳ್ಳೆಯ ಸುಳ್ಳು ಹೇಳುವ ಅಧ್ಯಕ್ಷರು. ಅದಕ್ಕೆಂದೇ ಕೋಟು ಹೊಲಿಸಿಕೊಂಡಿದ್ದೆ. ವೈನಿ ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಭಾಳ ಚಂದ ಐತಿ. ನಿನ್ನ ಮದುವಿಗೆ ಇಟ್ಕೊ" ಎಂದಳು.

ವೈನಿ ಎಂದರೆ ಅಣ್ಣನ ಹೆಂಡತಿ, ಗಡಹಿಂಗ್ಲಜದವಳು. ಇಚಲಕರಂಜಿಯ ಮರಾಠಿ ಶಾಲೆಯಲ್ಲಿ ಕಲಿತ ನನಗೆ ಕನ್ನಡ ಅಕ್ಷರ ತಿದ್ದಿಸಿದವಳು ಅವಳೇ. ಅಣ್ಣನಿಗೂ ಕಲಿಸಲು ನೋಡಿದ್ದಳು, ಅವನಿಗೆ ಪುರಸೊತ್ತಿರಲಿಲ್ಲ. ಹಗಲೆಲ್ಲ ಮಗ್ಗ, ಸಂಜೆಯಾದರೆ ಹಾತಭಟ್ಟಿ. ಅದು ದಾರೂಬಂದಿಯ, ಎಂದರೆ ಪಾನನಿಷೇಧದ ಕಾಲ, ಕದ್ದು ಕಾಯಿಸಿದ ಸೆರೆಗೆ ನಮ್ಮಲ್ಲಿ ಆ ಹೆಸರು. ಅಣ್ಣ ಅದನ್ನು ಸೈಕಲ್ ಟ್ಯೂಬಿನಲ್ಲಿ ತುಂಬಿಸಿ, ಅಂಗಿಯೊಳಗೆ ಸೊಂಟಕ್ಕೆ ಸುತ್ತಿಕೊಂಡು ತರುತ್ತಿದ್ದ. ಹೋಗುವಾಗ ಸಣಕಲ, ಬರುವಾಗ ಸಾವುಕಾರನ ಹೊಟ್ಟೆ. ಹೀಗೆ ಸಂಜೆಗೆ ಹೊಟ್ಟೆ ಬರಿಸಿಕೊಳ್ಳುವ ಗಂಡಸರಿಗೆ ನಮ್ಮ ಓಣಿಯಲ್ಲಿ ಬರವಿರಲಿಲ್ಲ. ಆದರೆ ಮಗ್ಗಗಳ ಖಟಾಪಟದಲ್ಲಿ ಒಂದು ಮನೆಯ ಬೈಗುಳ, ಅಳು ಇನ್ನೊಂದು ಮನೆಗೆ ಕೇಳುತ್ತಿರಲಿಲ್ಲ. ಹಾಗಾಗಿ ಈ ಕಷ್ಟ ತನ್ನೊಬ್ಬಳದೇ ಎಂದು ಒಬ್ಬೊಬ್ಬ ಹೆಂಗಸೂ ಬಾಯಿ ಮುಚ್ಚಿಕೊಂಡಿದ್ದಳು.

ಕಾದಂಬರಿಯಲ್ಲಿದ್ದುದು ಅದೇ. ವೈನಿ ಹೇಳಿದಳು, ನಾನು ಬರೆದೆ ಎಂದರೆ ಹೆಚ್ಚು ಸರಿ. ಅಣ್ಣನಿಗೆ ಮಾತ್ರ, ತಮ್ಮ ತನ್ನ ಮೇಲೊಂದು ಪುಸ್ತಕ ಬರೆದಿದ್ದಾನೆ ಎಂಬುದಷ್ಟೇ ಗೊತ್ತು. ತಾನು ಕುಸ್ತಿ ಆಡಿದ ದಿನಗಳ ಕಥೆ ಇರಬೇಕೆಂದು ಊರೆಲ್ಲ ಸಾರಿಕೊಂಡು ಬಂದಿದ್ದ. ನನಗೆ ಹೆದರಿಕೆ ಹತ್ತಿತು. ನಿಜ ತಿಳಿದ ದಿನ ಅವನ ಕೈ ಏಳುವುದು ನನ್ನ ಮೇಲಲ್ಲ, ವೈನಿಯ ಮೇಲೆ.

"ಎಲ್ಲಾ ಪ್ರತಿ ಸುಟ್ಟು ಬಿಡೋಣ್ರಿ ವೈನಿ" ಎಂದೆ.

"ಕಥಿ ನಂದು. ಸುಡಾಕ ನೀ ಯಾರು?" ಎಂದಳು.

ಸಂಕ್ರಾಂತಿ ಮುಗಿದ ವಾರ, ಮಗ್ಗಗಳಿಗೆ ರಜೆಯಿದ್ದ ದಿನ, ನಮ್ಮ ಮಗ್ಗದ ಶೆಡ್ಡಿನಲ್ಲೇ ಅರಿಷಿಣ-ಕುಂಕುಮ ಇಟ್ಟಳು. ಬಂದವರಿಗೆ ವಾಣವೆಂದು ಬಾಚಣಿಗೆಯನ್ನೋ ಸೌಟನ್ನೋ ಕೊಡುವುದು ನಮ್ಮ ಕಡೆಯ ಪದ್ಧತಿ. ವೈನಿ ಎಳ್ಳುಂಡೆಯ ಜೊತೆ ಕಾದಂಬರಿ ಕೊಟ್ಟಳು. ಅರಿಷಿಣ-ಕುಂಕುಮಕ್ಕೆ ಹೋಗಬೇಡ ಎಂದು ಯಾವ ಗಂಡನೂ ಹೇಳುವಂತಿಲ್ಲ, ಅಲ್ಲೇನು ನಡೆದಿದೆ ಎಂದು ಇಣುಕುವಂತೆಯೂ ಇಲ್ಲ. ಅಣ್ಣನನ್ನೂ ನನ್ನನ್ನೂ ಮಾತ್ರ ಪಕ್ಕದ ನೂಲಿನ ಕೋಣೆಗೆ ತಳ್ಳಿ, ಬಾಬಿನ್ ಆರಿಸಲು ಹೇಳಿದ್ದಳು. ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು.

ಮೊದಲ ಪ್ರತಿ ಓಣಿಯ ಮುದುಕಿಯೊಬ್ಬಳ ಕೈಗೆ ಹೋಯಿತು. ಗಂಡ ಕುಡಿದು ಕುಡಿದೇ ಸತ್ತಿದ್ದ. ವಿಧವೆಯೆಂದು ಅವಳನ್ನು ಇಂಥ ಕಾರ್ಯಕ್ಕೆ ಯಾರೂ ಕರೆಯುತ್ತಿರಲಿಲ್ಲ. ವೈನಿ ಕುಂಕುಮ ಹಚ್ಚಲು ಹೋದಾಗ ಮುದುಕಿ ಹಿಂದೆ ಸರಿದಳು. ವೈನಿ ಗದ್ದ ಹಿಡಿದು ಹಚ್ಚಿದಳು. ನನ್ನ ಅಧ್ಯಕ್ಷರು ಸಿಕ್ಕಿದ್ದರು.

ಆಮೇಲೆ ವೈನಿ ಗಟ್ಟಿಯಾಗಿ ಓದತೊಡಗಿದಳು. ಕಾದಂಬರಿಯ ಕುಡುಕ ಒಂದು ಕತ್ತೆಗೆ ಕೈಮುಗಿದು ದಾರಿ ಕೇಳುವ ಜಾಗ ಬಂದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. "ಇದು ನಮ್ಮ ಮನ್ಯಾಗಿಂದರೀ!" ಎಂದಳೊಬ್ಬಳು. "ಅಲ್ಲವಾ, ನಮ್ಮ ಮನ್ಯಾಗಿಂದು!" ಎಂದಳು ಇನ್ನೊಬ್ಬಳು. ಒಳಗೆ ಅಣ್ಣನೂ ತೊಡೆ ತಟ್ಟಿ ನಗುತ್ತಿದ್ದ. "ಎಂಥಾ ಮಂಗ್ಯಾ ಅದಾನೋ ಇಂವ!"

ಮುಂದಿನ ಪುಟದಲ್ಲಿ ಆ ಮಂಗ್ಯಾ ಟ್ಯೂಬಿನ ಬಾಯಿ ಕಟ್ಟಲು ಮಗಳ ಜಡೆಯ ರಿಬ್ಬನ್ ಬಿಚ್ಚಿಕೊಂಡ. ಅಣ್ಣನ ಕೈಯಲ್ಲಿದ್ದ ಬಾಬಿನ್ ಅಲ್ಲೇ ನಿಂತಿತು. ಅವನದೇ ಮಗಳ ಕೆಂಪು ರಿಬ್ಬನ್ ಆಗಲೂ ಅವನ ಕಿಸೆಯಲ್ಲೇ ಇತ್ತು. ಹೊರಗೆ ಮಗ್ಗ ನಿಂತಿದ್ದವು, ಒಂದಕ್ಷರವೂ ತಪ್ಪದೆ ಕೇಳುತ್ತಿತ್ತು. ಅದಕ್ಕೇ ವೈನಿ ರಜೆಯ ದಿನ ಆರಿಸಿದ್ದಳೆಂದು ನನಗೆ ಹೊಳೆದದ್ದು ಆಗ.

ಕಿಸೆಯ ಮೇಲೆ ಕೈಯಿಟ್ಟು ಅಣ್ಣ ಕೇಳಿದ, "ತಮ್ಮಾ, ಆಕಿ ಕಡೀಕ ಬಿಟ್ಟು ಹೋಗ್ತಾಳೇನು?"

ಹೋಗುವುದಿಲ್ಲ. ಗಂಡನ ಕಾಲು ತೊಳೆದು ಮನೆಯಲ್ಲೇ ಉಳಿಯುತ್ತಾಳೆ, ಹಾಗೆಂದೇ ಬರೆದಿದ್ದೆ. ಆದರೆ ಅವನ ಮುಖ ನೋಡಿ, "ಹೋಗ್ತಾಳ" ಎಂದುಬಿಟ್ಟೆ.

"ಸುಳ್ಳ ಹೇಳಾಕತ್ತಿ. ನಾನ ಓದಿ ನೋಡ್ತೇನಿ" ಎಂದ. ಆ ದಿನ ಅವನ ಕೈ ಏಳಲಿಲ್ಲ. ಮರುದಿನ ಸ್ಲೇಟು ಹಿಡಿದು ವೈನಿಯ ಮುಂದೆ ಕುಳಿತ. ಅವಳೂ ದಯೆ ತೋರಲಿಲ್ಲ, ತಪ್ಪಿದ್ದನ್ನು ಹತ್ತು ಸಲ ಬರೆಸುತ್ತಿದ್ದಳು.

ಅತ್ತ ಹೆಂಗಸರು ಪ್ರತಿ ರಜೆಗೂ ಶೆಡ್ಡಿನಲ್ಲಿ ಸೇರತೊಡಗಿದರು. ಒಲೆ ಹೊತ್ತದ ಮನೆಯ ಮಕ್ಕಳು ಇನ್ನೊಂದು ಮನೆಯಲ್ಲಿ ಉಣ್ಣುತ್ತಿದ್ದವು. ಏಟು ತಿಂದವಳು ಮುದುಕಿಯ ಮನೆಗೆ ಹೋಗಿ ಇರುತ್ತಿದ್ದಳು. ಗೂಟಕ್ಕೆ ತೂಗುಹಾಕಿದ ಟ್ಯೂಬುಗಳಿಗೆ ಸೂಜಿ ಚುಚ್ಚಿ ಬರುವ ಖಾತೆಯೂ ಮುದುಕಿಯದೇ. ಒಮ್ಮೆ ಅಣ್ಣನ ಹೊಟ್ಟೆ ನಡುಪೇಟೆಯಲ್ಲಿ ಸೋರಿ, ಧೋತರ ಒದ್ದೆಯಾಗಿ, ನಾಯಿಗಳೂ ಮೂಸಿ ದೂರ ಸರಿದವು.

ಅಣ್ಣ ಕಾಗುಣಿತ ಮುಗಿಸಿದಾಗ ವೈನಿ ನನ್ನನ್ನು ಕರೆದಳು. "ಅವರು ಕಡೀ ಹಾಳಿಗೆ ಬರೂದ್ರಾಗ ಅದನ್ನ ಬದಲ ಮಾಡು."

ಗಡಹಿಂಗ್ಲಜದ ಛಾಪಖಾನೆಗೆ ಓಡಿದೆ. ಮದುವೆ ಪತ್ರಿಕೆಗಳ ನಡುವೆ ನನ್ನ ಕಾದಂಬರಿ ಅಚ್ಚು ಮಾಡಿದ್ದ ಮಾಲೀಕ, "ಒಂದ ಹಾಳಿ, ಒಂದ ಪ್ರತೀನ? ತಪ್ಪ ಆಗಿತ್ತೇನ್ರೀ?" ಎಂದ. "ಹೌದ್ರಿ, ತಪ್ಪ ನಂದು" ಎಂದೆ. ಹಾಗೆನ್ನುವಾಗ ನಿಜವಾಗಿ ನಾಚಿಕೆಯಾಯಿತು. ಹೊಸ ಹಾಳೆಯನ್ನು ನೂಲಿಗೆ ಹಚ್ಚುವ ಗಂಜಿಯಿಂದಲೇ ನಮ್ಮ ಮನೆಯ ಪ್ರತಿಗೆ ಅಂಟಿಸಿದೆ. ಬೇರೆಲ್ಲ ಪ್ರತಿಗಳಲ್ಲಿ ಆಕೆ ಉಳಿದಳು. ನಮ್ಮ ಮನೆಯದರಲ್ಲಿ ಮಗಳ ಕೈಹಿಡಿದು ಹೊರಟಳು.

ಮಳೆಗಾಲದ ಒಂದು ಮುಂಜಾನೆ ಅಣ್ಣ ಕಟ್ಟೆಯ ಮೇಲೆ ಕುಳಿತು, ಬೆರಳಿಟ್ಟು ಬೆರಳಿಟ್ಟು, ಆ ಹಾಳೆ ಮುಗಿಸಿದ. ಪುಸ್ತಕ ಹಿಡಿದುಕೊಂಡೇ ಒಳಗೆ ಹೋಗಿ ಒಲೆಯ ಮುಂದೆ ನಿಂತ.

"ಆಕಿ ಹೋದ್ಲು" ಎಂದ.

"ಹೌದ್ರಿ, ಕಥಿಯೊಳಗ ಹೋಗ್ಯಾಳ" ಎಂದಳು ವೈನಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಾ ಇನ್ನೂ ವಿಚಾರ ಮಾಡಾಕತ್ತೇನಿ."