ಕುಸುಮ ಚಿಕ್ಕಮ್ಮನ ಹಾಡಿನ ಫೋನು

ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಎಲೆ ಹಾಕಿದರೂ ಪಾಯಸ ಬರುವ ಹೊತ್ತಿಗೆ ಯಾರಾದರೊಬ್ಬರು ಆ ಕಥೆ ತೆಗೆಯುತ್ತಾರೆ. ಕುಸುಮ ಚಿಕ್ಕಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಾಡಿನಲ್ಲಿ ಮೈಮರೆತು, ಆನೆಯ ಎದುರಿಗೆ ಹೋಗಿ ನಿಂತ ಕಥೆ. ಎಲ್ಲರೂ ನಗುತ್ತಾರೆ. ನಕ್ಕಾದ ಮೇಲೆ ತೀರ್ಪು ಬರುತ್ತದೆ: ಆ ಫೋನು ಬಂದಿದ್ದೇ ಬಂದಿದ್ದು, ಆ ಮನೆಯ ನೆಮ್ಮದಿ ಹೋಯಿತು. ನನಗೆ ಮಾತಿಗೆ ಮಾತು ಕೊಡುವ ಚಟ ಮೊದಲಿನಿಂದಲೂ ಇದೆ. ಕಾಲೇಜಿನ ಚರ್ಚಾಕೂಟಗಳು ಅದನ್ನು ಇನ್ನಷ್ಟು ಹರಿತ ಮಾಡಿದವು. ಆದರೂ ಈ ಒಂದು ಕಥೆಯ ಮುಂದೆ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಪಾಯಸ ಕುಡಿದಿದ್ದೇನೆ. ಮೊನ್ನೆ ಕುಶಾಲನಗರದ ನಮ್ಮ ಈಗಿನ ಮನೆಯಲ್ಲಿ ಫ್ಯೂಸ್ ತಂತಿ ಹುಡುಕುವಾಗ ಹಳೆಯ ಬಿಸ್ಕೆಟ್ ಡಬ್ಬದೊಳಗೆ ಆ ಫೋನೇ ಸಿಕ್ಕಿತು. ಮೂಗಿಗೆ ಹಿಡಿದರೆ ಕೊಬ್ಬರಿ ಎಣ್ಣೆ, ಒಣಗಿದ ಕಾಫಿ ಸಿಪ್ಪೆ, ಬೆವರಿಗೆ ಮೆತ್ತಗಾದ ರಬ್ಬರು, ಮೂರೂ ಕಲಸಿದ ಒಂದು ವಾಸನೆ. ಆ ವಾಸನೆಯ ಮುಂದೆ ಬಳಗದವರ ತೀರ್ಪು ನಿಲ್ಲುವುದಿಲ್ಲ ಅನ್ನಿಸಿತು. ಆದ್ದರಿಂದ ಇದು.

ನಾವಿದ್ದದ್ದು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರು. ಆಳುಗಳ ಹಾಜರಿ ಹಿಡಿಯುವುದು, ತೋಟದ ಯಾವ ಬ್ಲಾಕಿಗೆ ಯಾರೆಂದು ಹಂಚುವುದು ಅವರ ಕೆಲಸ. ಆಳುಗಳಿರುವ ಲೈನ್ ಮನೆಗಳ ಸಾಲು ಮುಗಿಯುವ ಕಡೆ ನಮ್ಮ ಮನೆ. ಅಪ್ಪ, ಅಮ್ಮ, ಅಮ್ಮನ ತಾಯಿ, ಅಮ್ಮನ ತಂಗಿ ಕುಸುಮ ಚಿಕ್ಕಮ್ಮ, ನಾನು. ಅಜ್ಜಿ ಮತ್ತು ಚಿಕ್ಕಮ್ಮ ಶನಿವಾರಸಂತೆ ಕಡೆಯಿಂದ ಬಂದು ನಮ್ಮ ಜೊತೆಗೇ ಉಳಿದವರು. ಚಿಕ್ಕಮ್ಮ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್‌ಗೆ ಹೋಗುತ್ತಿದ್ದಳು. ಲೈನಿನಲ್ಲಿ ಅಂಥ ಫೋನು ಮೊದಲು ಬಂದದ್ದು ಅವಳ ಕೈಗೆ. ಬೆನ್ನಿಗೆ ಎರಡು ಸ್ಪೀಕರು, ಪಕ್ಕದಲ್ಲಿ ಹಾಡಿಗೆಂದೇ ಕಿತ್ತಳೆ ಬಣ್ಣದ ಗುಂಡಿಗಳು. ಗುಂಡಿ ಒತ್ತಿ ಹಿಡಿದು ಫೋನನ್ನು ಒಮ್ಮೆ ಕುಲುಕಿದರೆ ಹಾಡು ಬದಲಾಗುತ್ತಿತ್ತು. ಮೊದಲ ಸಲ ಅದನ್ನು ನೋಡಿದಾಗ ಅಜ್ಜಿ, "ಇದ್ಯಾತರ ದೆವ್ವ ತಂದ್ಯೇ ಮನೆಗೆ? ಮೈ ಅಲ್ಲಾಡ್ಸುದ್ರೆ ದನಿ ಬದಲಾಯ್ತದಲ್ಲ!" ಎಂದು ಜಪಸರ ಹುಡುಕಿದ್ದರು. ಮಾರನೆಯ ದಿನ ಅವರೇ ಅದನ್ನು ಕುಲುಕುತ್ತಾ ಬಾಗಿಲಲ್ಲಿ ಕೂತಿದ್ದರು.

ಆ ಕಡೆಯ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೆಂಗಸರು ಸದ್ದು ಮಾಡಿಕೊಂಡೇ ಹೋಗಬೇಕು. ಹಲಸಿಗೆ, ಕೆರೆ ನೀರಿಗೆ ಬಂದ ಆನೆ ಕಾಫಿ ಗಿಡಗಳ ಸಂದಿಯಲ್ಲಿ ನಿಂತಿದ್ದರೆ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಜನ ಬರುತ್ತಿದ್ದಾರೆಂದು ಅದಕ್ಕೆ ಮುಂಚೆಯೇ ತಿಳಿದರೆ ಅದು ತಾನಾಗಿ ಸರಿಯುತ್ತದೆ. ಮೊದಲು ಇದಕ್ಕೆ ಬಡಿದುಕೊಂಡು ಹೋಗಲು ಒಂದು ತಗಡಿನ ಡಬ್ಬ ಇತ್ತು. ಚಿಕ್ಕಮ್ಮನ ಫೋನು ಬಂದ ಮೇಲೆ ಡಬ್ಬ ಮೂಲೆ ಸೇರಿತು. ಅವಳು ಎಲ್ಲರಿಗಿಂತ ಮುಂದೆ, ಕೈ ಎತ್ತಿ, ಫೋನಿನ ದನಿ ಪೂರ್ತಿ ಏರಿಸಿ. ಹಿಂದೆ ಇಡೀ ಗ್ಯಾಂಗು. ಮಂಜು ಇನ್ನೂ ಸಿಲ್ವರ್ ಮರಗಳ ನಡುವೆ ತೂಗುತ್ತಿರುವಾಗ ಆ ಹಾಡಿನ ಮೆರವಣಿಗೆ ಇಳಿಜಾರಿನಲ್ಲಿ ಇಳಿದು, ತಿರುವಿನಲ್ಲಿ ಮರೆಯಾಗಿ, ಮತ್ತೆ ಎಲ್ಲೋ ಕೆಳಗಿನ ಬ್ಲಾಕಿನಿಂದ ಕೇಳಿಸುತ್ತಿತ್ತು. ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಾ ಕೂತ ನನಗೆ, ಹಾಡು ಎಲ್ಲಿಯತನಕ ಹೋಯಿತೆಂದು ಕಿವಿಯಲ್ಲೇ ಗೊತ್ತಾಗುತ್ತಿತ್ತು.

ಯಾವ ಹಾಡು ಎನ್ನುವುದೇ ದೊಡ್ಡ ಜಗಳ. ಪಕ್ಕದ ಮನೆಯ ಸೆಲ್ವಿ ಅಕ್ಕನಿಗೆ ತಮಿಳು ಬೇಕು, ಬಾವಿಯ ಕಡೆಯ ಮನೆಗಳವರಿಗೆ ಮಲಯಾಳ ಬೇಕು, ಅಪ್ಪನಿಗೆ ಹಳೆಯ ಕನ್ನಡದ್ದೇ ಆಗಬೇಕು. ಚಿಕ್ಕಮ್ಮ ಒಂದು ಕಾನೂನು ಮಾಡಿದಳು: ಹಾಡು ಬೇಕಾದವರು ಕಾರಣ ಹೇಳಬೇಕು, ಒಪ್ಪುವ ಕಾರಣ ಯಾರದ್ದೋ ಅವರ ಹಾಡು. ಸಂಜೆ ಮೆಟ್ಟಿಲ ಮೇಲೆ ಫೋನನ್ನು ಖಾಲಿ ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸುತ್ತಿದ್ದಳು, ದನಿ ದಪ್ಪವಾಗಿ ಬರಲೆಂದು. ಸುತ್ತ ನಾವು.

"ಇವತ್ತು ನಮ್ದು ಪಾಟು ಹಾಕು ಕುಸುಮಾ. ನಂಗೆ ಸೊಂಟ ನೋವು," ಎನ್ನುತ್ತಿದ್ದಳು ಸೆಲ್ವಿ ಅಕ್ಕ.

"ಸೊಂಟ ನೋವಿಗೆ ಪಾಟು ಯಾವ ಡಾಕ್ಟ್ರು ಬರ್ಕೊಟ್ರು?" ಎಂದು ನಾನು ಬಾಯಿ ಹಾಕಿದರೆ, ಅವಳು ಅಜ್ಜಿಯ ಕಡೆ ತಿರುಗಿ, "ನೋಡಮ್ಮಾ ಉನ್ ಮೊಮ್ಮಗಳು! ಇವ್ಳನ್ನ ಕಟ್ಕೊಳ್ಳೋನು ಕೋರ್ಟಲ್ಲೇ ಮಲಗ್ಬೇಕು."

"ಲಾಯರಮ್ಮ ಕಣೇ ಅವ್ಳು," ಎನ್ನುತ್ತಿದ್ದರು ಅಜ್ಜಿ, ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸುತ್ತಾ. ಒಂದು ಸಲ ನನ್ನ ಹಾಡು ಬರಲಿಲ್ಲವೆಂದು ನಾನು ಅತ್ತಾಗ ಚಿಕ್ಕಮ್ಮ ಗಲ್ಲ ಹಿಡಿದೆತ್ತಿ, "ಅಳು ಒಂದು ಕಾರಣ ಅಲ್ಲ ಪುಟ್ಟಿ. ಕಣ್ಣೊರ್ಸ್ಕೊ, ಆಮೇಲ್ ಹೇಳು," ಎಂದಳು. ಕಣ್ಣೊರೆಸಿಕೊಂಡು ಹೇಳಿದೆ, ಗೆದ್ದೆ. ಮುಂದೆ ಎಷ್ಟೋ ವೇದಿಕೆಗಳಲ್ಲಿ ನಾನು ಗೆದ್ದದ್ದೆಲ್ಲ ಆ ಮೆಟ್ಟಿಲಿನ ಬಡ್ಡಿ.

ಹಾಗಾಗಿ ಮೊದಲನೆಯ ಮಾತು ಇದು: ಫೋನು ಆ ಮನೆಯನ್ನು ಕೆಡಿಸಲಿಲ್ಲ. ಅದಕ್ಕೆ ಮುಂಚೆ ನಮ್ಮಲ್ಲಿದ್ದ ರೇಡಿಯೊ ಅಪ್ಪನದಾಗಿತ್ತು, ಅದರ ಕಿವಿ ತಿರುವುವ ಹಕ್ಕು ಅವರೊಬ್ಬರದೇ. ಮೂರು ಭಾಷೆಯ ಜನ ಒಂದು ಪಾತ್ರೆಯ ಸುತ್ತ ಕೂತದ್ದು ಫೋನು ಬಂದ ಮೇಲೆ. ನೀವೂ ಅಂಥ ಒಂದು ಸಂಜೆಯನ್ನು ಎಲ್ಲಾದರೂ ಕಳೆದುಕೊಂಡಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ. ಹೊಗೆ, ಒದ್ದೆ ಸೌದೆ, ಹುರಿದ ಒಣಮೀನು, ಪಾತ್ರೆಯೊಳಗಿಂದ ಬರುವ ಹಾಡು, ಮತ್ತು ಯಾರದೋ ಮಡಿಲಲ್ಲಿ ಭಾರವಾಗುತ್ತಿರುವ ನಿಮ್ಮ ತಲೆ.

ಆನೆಯ ದಿನ ಭಾನುವಾರ. ಹಣ್ಣು ಉದುರುವ ಕಾಲವಾದ್ದರಿಂದ ಪಿಕಿಂಗ್ ಇತ್ತು, ಶಾಲೆ ಇಲ್ಲದ ನಾನೂ ಅಪ್ಪನ ಕೈ ಹಿಡಿದು ಗ್ಯಾಂಗಿನ ಜೊತೆ ಹೊರಟಿದ್ದೆ. ಚಿಕ್ಕಮ್ಮ ಯಾರಿಗೂ ಕಾಯದೆ ಮೊದಲೇ ಹೋಗಿಬಿಟ್ಟಿದ್ದಳು. ನಾವು ತಿರುವು ದಾಟುವಾಗ ಅವಳು ದೂರದಲ್ಲಿ ಕಂಡಳು. ಎರಡೂ ಕಿವಿಯಿಂದ ಇಳಿದ ಕಪ್ಪು ದಾರ, ಕೈಗಳು ಸುಮ್ಮನೆ ಜೋತುಬಿದ್ದಿದ್ದವು. "ನೋಡು, ಇವತ್ತು ಮಹಾರಾಣಿ ಒಬ್ಳೇ ಕೇಳ್ಕೊಂಡು ಹೋಗ್ತಾಳೆ," ಎಂದಳು ಸೆಲ್ವಿ ಅಕ್ಕ. ಅವಳ ಮಾತು ಮುಗಿದಿರಲಿಲ್ಲ, ಕಾಫಿ ಗಿಡಗಳ ಮೇಲಿಂದ ಬೂದು ಬಣ್ಣದ ಬೆನ್ನೊಂದು ಎದ್ದಿತು. ಎಲ್ಲರೂ ಒಟ್ಟಿಗೆ ಕೂಗಿದೆವು. ನಾನಂತೂ ಗಂಟಲು ಹರಿಯುವ ಹಾಗೆ, ಚಿಕ್ಕಮ್ಮಾ, ಎಂದು. ಅವಳು ತಿರುಗಲಿಲ್ಲ. ನಡೆಯುತ್ತಾ ಹೋಗಿ, ಆನೆ ದಾರಿಗೆ ಇಳಿದಾಗ ನಿಂತಳು. ಅದೂ ನಿಂತಿತು. ಕಿವಿ ಬೀಸಿತು. ಆಮೇಲೆ, ಏನೋ ನೆನಪಾದವರ ಹಾಗೆ, ಅದು ಪಕ್ಕಕ್ಕೆ ತಿರುಗಿ ಕೆರೆಯ ಕಡೆ ಹೋಯಿತು. ಅಪ್ಪ ಓಡಿಹೋಗಿ ಅವಳ ತೋಳು ಹಿಡಿದು ಎಳೆದಾಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಿದ್ದೆಯಿಂದ ಎಬ್ಬಿಸಿದರೆ ಬರುವ ಬೇಸರವಿತ್ತು.

ಮ್ಯಾನೇಜರು ಅಪ್ಪನನ್ನು ಕರೆಸಿದರು. "ಹಾಡು ಕೇಳ್ತಾ ಇದ್ಲು ಸಾರ್, ನಾವು ಕೂಗಿದ್ದು ಕೇಳ್ಸಿಲ್ಲ," ಎಂದರು ಅಪ್ಪ. ಕೆಲಸದ ಜಾಗಕ್ಕೆ ಫೋನು ತರಕೂಡದೆಂದು ಆಯಿತು. ಡಬ್ಬ ಮತ್ತೆ ಹೊರಬಂತು. ಮೆಟ್ಟಿಲ ಮೇಲಿನ ಸಭೆಯೂ ನಿಂತಿತು. ಯಾರೂ ನಿಲ್ಲಿಸಿ ಎನ್ನಲಿಲ್ಲ, ಫೋನನ್ನು ಕೇಳಲು ಎಲ್ಲರಿಗೂ ಸಂಕೋಚವಾಯಿತು ಅಷ್ಟೆ. ಮುಂದಿನ ಮಳೆಗಾಲಕ್ಕೆ ಮುಂಚೆ ಚಿಕ್ಕಮ್ಮನನ್ನು ಬಾಳೆಲೆ ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ಫೋನನ್ನು ಅವಳು ಒಯ್ಯಲಿಲ್ಲ.

ಈಗ ಎರಡನೆಯ ಮಾತು. ಆ ದಿನ ಫೋನಿನಲ್ಲಿ ಹಾಡೇ ಇರಲಿಲ್ಲ. ಹಾಡೆಲ್ಲ ಇದ್ದದ್ದು ಉಗುರಿನಷ್ಟು ಮೆಮರಿ ಕಾರ್ಡಿನಲ್ಲಿ. ಆ ಕಾರ್ಡನ್ನು ಹಿಂದಿನ ಸಂಜೆ ಅಪ್ಪ ಹೊಸ ಹಾಡು ತುಂಬಿಸಲು ಸಿದ್ದಾಪುರದ ಅಂಗಡಿಯಲ್ಲಿ ಬಿಟ್ಟು ಬಂದಿದ್ದರು. ಅವರ ಜೊತೆ ಬಸ್ಸಿನಲ್ಲಿ ಅದನ್ನು ಕಾಗದದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದವಳು ನಾನು. ರೇಡಿಯೊ ಇರಬಹುದಲ್ಲ ಎನ್ನುತ್ತೀರಿ. ಆ ತಗ್ಗಿನಲ್ಲಿ ರೇಡಿಯೊ ಹಿಡಿಯುತ್ತಿರಲಿಲ್ಲ. ಯಾರದೋ ಕರೆ? ಅಲ್ಲಿ ಟವರೂ ಸಿಗುತ್ತಿರಲಿಲ್ಲ. ಅಮ್ಮ ಶನಿವಾರಸಂತೆಯ ನೆಂಟರ ಜೊತೆ ಮಾತಾಡಬೇಕಾದರೆ ಮ್ಯಾನೇಜರ ಬಂಗಲೆಯ ಗುಡ್ಡ ಹತ್ತುತ್ತಿದ್ದಳು. ದೊಡ್ಡವಳಾದ ಮೇಲೆ ಒಮ್ಮೆ ಅಪ್ಪನನ್ನು ಕೇಳಿದೆ, ಕಾರ್ಡು ಅಂಗಡಿಯಲ್ಲಿತ್ತೆಂದು ನಿಮಗೆ ಗೊತ್ತಿತ್ತಲ್ಲ ಎಂದು. ಅವರು ಚಪ್ಪಲಿ ಮೆಟ್ಟುತ್ತಾ, "ಬಿಡು ಮಗಾ. ಹಾಡು ಕೇಳ್ತಿದ್ಲು ಅಂದ್ರೆ ಎಲ್ರಿಗೂ ಅರ್ಥ ಆಗ್ತದೆ," ಎಂದರು.

ಅಜ್ಜಿ ಈಗಿಲ್ಲ. ಸೆಲ್ವಿ ಅಕ್ಕ ಮಗಳ ಜೊತೆ ಸೇಲಂ ಕಡೆ ಹೋದಳೆಂದು ಕೇಳಿದೆ. ಲೈನುಗಳನ್ನು ಕೆಡವಿ ಅಲ್ಲೆಲ್ಲ ಹೊಸ ಗಿಡ ನೆಟ್ಟಿದ್ದಾರೆ. ನಮ್ಮ ಅಡಿಗೆಮನೆ ಯಾವ ಸಾಲಿನಲ್ಲಿತ್ತೆಂದು ಕಳೆದ ವರ್ಷ ಹೋದಾಗ ನನಗೆ ಹೇಳಲಾಗಲಿಲ್ಲ. ಆ ಮೆಟ್ಟಿಲಿನ ಎಲ್ಲರ ಹಾಡೂ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ. ಅಪ್ಪನದು, ಅಜ್ಜಿಯದು, ಬಾವಿಯ ಕಡೆಯವರದು, ಸೊಂಟ ನೋವಿನದು. ಚಿಕ್ಕಮ್ಮನ ಹಾಡು ಯಾವುದು? ಎಷ್ಟು ಹುಡುಕಿದರೂ ಇಲ್ಲ. ಅವಳು ಎಲ್ಲರ ಕಾರಣ ಕೇಳಿದಳು. ಅವಳದ್ದೊಂದು ಹಾಡು ಇರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನ್ನ ಜೀವನದ ಅತ್ಯಂತ ಸುಖದ ಸಂಜೆಗಳು ಅವು. ಅವಳಿಗೂ ಹಾಗೆಯೇ ಇದ್ದವೆಂದು ನಂಬಬೇಕು ಅನ್ನಿಸುತ್ತದೆ. ನಂಬಲು ಆಧಾರ ಸಾಲದು.

ಬಾಳೆಲೆಯಲ್ಲಿ ಅವಳು ಚೆನ್ನಾಗಿದ್ದಾಳೆ. ಹೋದರೆ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾಳೆ, ಆನೆಯ ಕಥೆ ಬಂದಾಗ ಎಲ್ಲರಿಗಿಂತ ಜೋರಾಗಿ ನಗುತ್ತಾಳೆ. ಹೋದ ತಿಂಗಳು ಅಂಗಳದಲ್ಲಿ ನಾವಿಬ್ಬರೇ ಕಾಫಿ ಹರವುತ್ತಿದ್ದೆವು. ಕಾರ್ಡಿನ ವಿಷಯ ಹೇಳಿದೆ. ಅವಳ ಕೈ ಬೀಜದ ಮೇಲೆ ಹಾಗೇ ನಿಂತಿತು. ಆಮೇಲೆ ಹರವುವುದು ಮುಂದುವರಿಯಿತು. ಅಲ್ಲಿ ಕೇಳಲಾಗದ್ದನ್ನು ಇಲ್ಲಿ ಕೇಳುತ್ತಿದ್ದೇನೆ. ಚಿಕ್ಕಮ್ಮ, ಹಾಡಿಲ್ಲದ ಆ ದಾರ ನಮ್ಮ ದನಿಯನ್ನು ತಡೆಯುವಂಥದ್ದಲ್ಲ. ಆವತ್ತು ನಾನು ಅಷ್ಟು ಕೂಗಿದ್ದು ನಿನಗೆ ಕೇಳಿಸಿತ್ತಾ?