ಆಂಟಿಯ ರಜೆ

ಕಳೆದ ವಾರ ಮೆಲ್ಬರ್ನ್‌ನ ನಮ್ಮ ಆಫೀಸಿನ ಪಕ್ಕದ ಹೋಟೆಲಿಗೆ ಊಟಕ್ಕೆ ಹೋಗಿದ್ದೆ. ಇಂಗಿನ ಒಗ್ಗರಣೆಯ ವಾಸನೆಯೂ ನೆಲ ಒರೆಸಿದ ಬ್ಲೀಚಿನ ವಾಸನೆಯೂ ಒಟ್ಟಿಗೇ ಮೂಗಿಗೆ ಬಂದವು. ಸಿಡ್ನಿಯಲ್ಲಿ ಓದುವಾಗ ನಾನು ಪಾತ್ರೆ ತೊಳೆಯುತ್ತಿದ್ದ ಪೆಂಡಲ್ ಹಿಲ್ ಬಡಾವಣೆಯ ಹೋಟೆಲಿನ ಅಡುಗೆಮನೆಯಲ್ಲೂ ಇದೇ ವಾಸನೆ ಇರುತ್ತಿತ್ತು... ಅಲ್ಲಿ ಅಡುಗೆ ಮಾಡುತ್ತಿದ್ದ ಆಂಟಿ ನೆನಪಾದರು.

ಆಂಟಿ ಹುಬ್ಬಳ್ಳಿಯವರು, ಮಾತು ಕಡಿಮೆ. ಹೋಟೆಲಿನ ಓನರ್ ಅಂಕಲ್ ಮೈಸೂರಿನವರು, ಕೆಟ್ಟವರೇನಲ್ಲ. "ನಾವೆಲ್ಲ ಒಂದೇ ಫ್ಯಾಮಿಲಿ" ಎಂದು ಆಗಾಗ ಹೇಳುತ್ತಿದ್ದರು. ಹಾಗೆ ಹೇಳಿದ ದಿನ ನಮಗೆ ಮನೆಗೆ ಹೋಗುವುದು ತಡವಾಗುತ್ತಿತ್ತು.

ಒಂದು ದೀಪಾವಳಿಗೆ ಮುಂಚೆ ಆಂಟಿ ರಜೆ ಕೇಳಿದರು. ಊರಿನಲ್ಲಿ ತಂಗಿಗೆ ಆಪರೇಷನ್ ಇತ್ತು. ಅಂಕಲ್ ಮುಖ ಸಣ್ಣದು ಮಾಡಿಕೊಂಡರು.

"ಕೇಟರಿಂಗ್ ಎಲ್ಲಾ ಬುಕ್ ಆಗಿದೆ. ಮನೆಯವರೇ ಹೀಗೆ ಕೈಬಿಟ್ರೆ ಹೇಗಮ್ಮ?"

ಆಂಟಿ ಸೌಟು ಕೆಳಗಿಟ್ಟರು. "ನಾ ಮನಿಯಾಕಿ ಅಲ್ರಿ ಸರ್, ಕೆಲಸದಾಕಿ. ಮನಿಯಾಕಿಗೆ ರಜಾ ಇರಂಗಿಲ್ಲ. ನನಗೈತ್ರಿ."

ದನಿ ಏರಿಸಲಿಲ್ಲ. ಊರಿಗೆ ಹೋದರು, ಹೇಳಿದ ದಿನಕ್ಕೆ ಬಂದರು. ಅಂಕಲ್ ಕೆಲವು ದಿನ ಮಾತು ಬಿಟ್ಟರು. ಆಂಟಿ ಎಂದಿನಂತೆ ಸಾಂಬಾರು ಕುದಿಸಿದರು. ರಜೆ ಎಂದರೆ ಓನರ್ ದಯೆಯಿಂದ ಕೊಡುವಂಥದ್ದು ಎಂದುಕೊಂಡಿದ್ದ ನನಗೆ ಅವರ ಧೈರ್ಯ ಕಂಡು ಭಯವೇ ಆಗಿತ್ತು.

ಮರುವರ್ಷ ಅಂಕಲ್‌ಗೆ ಬೈಪಾಸ್ ಆಯಿತು. ನೋಡಿಕೊಳ್ಳಲು ಅವರ ಹೆಂಡತಿ ಒಬ್ಬರೇ. ಆಂಟಿ ಮತ್ತೆ ರಜೆ ಹಾಕಿದರು. ತಾವಿದ್ದ ಟೂಂಗಾಬಿಯ ಮನೆಯಲ್ಲಿ ಗಂಜಿ ಮಾಡಿ, ಟ್ರೈನ್ ಹಿಡಿದು ಸಿಡ್ನಿಯದೇ ಇನ್ನೊಂದು ಬಡಾವಣೆಯಾದ ಲಿವರ್‌ಪೂಲಿನ ಆಸ್ಪತ್ರೆಗೆ ಒಯ್ಯುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ.

"ಇದನ್ನೂ ನಿಮ್ಮ ಶಿಫ್ಟ್‌ಗೆ ಸೇರಿಸ್ಕೊಳ್ಳಿ," ಎಂದರು ಅಂಕಲ್.

"ಇದು ಶಿಫ್ಟ್ ಅಲ್ರಿ. ರಜಾ ಹಾಕಿ ಬಂದೀನಿ. ಉಣ್ರಿ."

ಅಂಕಲ್ ಗೋಡೆಯ ಕಡೆ ಮುಖ ತಿರುಗಿಸಿದರು... ಮತ್ತೆ ಕೆಲಸಕ್ಕೆ ಬಂದ ಮೇಲೆ ಫ್ಯಾಮಿಲಿಯ ಮಾತು ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಕಳೆದ ವಾರ ಆ ಊಟ ಮುಗಿಸಿ ಆಫೀಸಿಗೆ ಬಂದವನು, ಆಂಟಿ ಹೇಗಿದ್ದಾರೆ ಎಂದು ಕೇಳಲು ಅಂಕಲ್‌ಗೆ ಫೋನ್ ಮಾಡಿದೆ.

"ಅವರು ತೀರ್ಕೊಂಡು ವರ್ಷ ಆಯ್ತಪ್ಪಾ. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನನಗೆ ಯಾರು ತಿಳಿಸಬೇಕಿತ್ತು... ಫೋನಿಟ್ಟ ಮೇಲೆ ಪಕ್ಕದ ಸೀಟಿನವರು ಯಾರು ಹೋದದ್ದು ಎಂದು ಕೇಳಿದರು. ಜೊತೆಗೆ ಕೆಲಸ ಮಾಡಿದವರು ಎಂದೆ. ಅದಕ್ಕಿಂತ ಹತ್ತಿರದ ಮಾತು ನನಗೆ ಸಿಗಲಿಲ್ಲ.